ಹರಿಗೋಲಿನ ಚಿತ್ರ

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಪೇಯಸನು ಆನೆಗೊಂದಿಯ ಹರಿಗೋಲನ್ನು ಬಣ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಗೆ, ಹೊರಗೆಲ್ಲ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುವುದು, ಬೇಕಾದರೆ ಕುದುರೆ, ಎತ್ತುಗಳೂ ದಾಟುವವು, ಸಾಗುವಾಗ ಗಿರಗಿರನೆ ತಿರುಗುವುದು. ಕಣ್ಣಿಗೆ ಕಟ್ಟುವ ಮಾತೇ ಸರಿ. ಆದರೆ ಇದನ್ನೋದಿ ಯಾರೂ ಹರಿಗೋಲು ಕಟ್ಟಲಾರರು.

ಅದರ ಗುಟ್ಟೆಲ್ಲ ತಳದಲ್ಲಿದೆ. ತಳ ಚಪ್ಪಟೆಯಾದ್ದರಿಂದ ತೆಳುನೀರಿನಲ್ಲೂ ತೇಲುತ್ತದೆ. ಬಂಡೆ ತಾಗಿದರೆ ಬಿದಿರು ಬಾಗಿಕೊಡುತ್ತದೆ. ಕೃಷ್ಣೆಯಂಥ ಕಲ್ಲುಹಾಸಿನ ಹೊಳೆಗೆ ಹೇಳಿ ಮಾಡಿಸಿದ ವಾಹನ.

ಚಿತ್ರ ಬರೆಯಿರೆಂದರೆ ಮಕ್ಕಳು ಬೋಗುಣಿಯೊಂದನ್ನು ಬರೆದು ನಾಲ್ವರನ್ನು ಕೂಡಿಸುತ್ತಾರೆ. ಬಳಿಚಕ್ರದ ಕಡೆಯ ನಮ್ಮ ತರಗತಿಯಲ್ಲಿ ಅಂಬಿಗರ ಮನೆಯ ಹುಡುಗನೊಬ್ಬ ತಳದಿಂದ ಆರಂಭಿಸಿದ: ಅಡ್ಡಡ್ಡ ಹಾಸಿದ ಬಿದಿರ ಸೀಳು, ಮೇಲೆ ಭಾರಕ್ಕಿಟ್ಟ ಕಲ್ಲು, ಮೇಲಕ್ಕೆ ಬಾಗಿಸಿದ ತುದಿ, ಕಡೆಗೆ ದಪ್ಪನೆಯ ಅಂಚು. ಹೆಣೆಯುವ ಕ್ರಮವೇ ಚಿತ್ರದ ಕ್ರಮ! ಅಗಲವೆಷ್ಟೆಂದೆ. "ಐದು ಮೊಳ ಸರ್, ನಮ್ಮಜ್ಜನ ಮೊಳ" ಎಂದ.

ಮದರಾಸು ಪ್ರಾಂತದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣದ ಹರಿಗೋಲುಗಳನ್ನು ಶ್ರದ್ಧೆಯಿಂದ ಅಭ್ಯಸಿಸಿದವರು. 1946ರಲ್ಲಿ ಬಂದ ಅವರ ಜಲಸಾರಿಗೆಯ ಗ್ರಂಥ ಇಂಗ್ಲಿಷಿನದು. ಒಂದೊಂದು ಹೆಣಿಗೆಗೆ, ಒಂದೊಂದು ಕಟ್ಟಿಗೆ ಇರುವ ಕನ್ನಡದ ಹೆಸರು ಅಂಬಿಗರ ಬಾಯಲ್ಲೇ ಉಂಟು. ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ, ಡಾಂಬರು ಬಂದವು. ಸೇತುವೆಯಾದಲ್ಲಿ ಹರಿಗೋಲೇ ದಡ ಸೇರಿತು. ಚಿತ್ರದ ಪಕ್ಕದಲ್ಲಿ ಆ ಹೆಸರುಗಳನ್ನೂ ಅಜ್ಜನನ್ನು ಕೇಳಿ ಬರೆದು ತಾರೆಂದು ಹುಡುಗನಿಗೆ ಹೇಳಿದ್ದೇನೆ.