ಕರಿಮೀನಿನ ರಕ್ತಸಂಬಂಧ ಮಡಗಾಸ್ಕರಿನಲ್ಲಿ

ಕೇರಳದ ಹಿನ್ನೀರಿನ ಕರಿಮೀನೂ ನಮ್ಮ ಕೆರೆಗಳ ಜಿಲೇಬಿ ಮೀನೂ ಸಿಕ್ಲಿಡ್ ಎಂಬ ಒಂದೇ ಕುಟುಂಬದವು. ಆಫ್ರಿಕ ಮೂಲದ ಜಿಲೇಬಿ 1952ರಲ್ಲಿ ಮನುಷ್ಯರ ಕೈಯಿಂದ ಭಾರತಕ್ಕೆ ಬಂದದ್ದು. ಕರಿಮೀನನ್ನು ಯಾರೂ ತರಲಿಲ್ಲ. ಅದೂ ಸೇರಿ ಭಾರತದ ಸ್ಥಳೀಯ ಸಿಕ್ಲಿಡ್‌ಗಳು ಮೂರೇ ಪ್ರಭೇದ. ಅವುಗಳಲ್ಲಿ ಎಟ್ರೋಪ್ಲಸ್ ಕನರೆನ್ಸಿಸ್ ಕರಾವಳಿ ಕರ್ನಾಟಕದ ನದಿಗಳ ಮೀನು. ಅದರ ಹೆಸರಿನಲ್ಲೇ ಕೆನರಾ ಇದೆ. ಕುಟುಂಬದ ಉಳಿದ ನೂರಾರು ಪ್ರಭೇದಗಳು ಬಹುಮಟ್ಟಿಗೆ ಆಫ್ರಿಕ, ಮಡಗಾಸ್ಕರ್ ಮತ್ತು ಅಮೆರಿಕದ ಉಷ್ಣವಲಯದಲ್ಲಿವೆ. ಸಿಹಿನೀರಿನ ಮೀನುಗಳು ಹೀಗೆ ಸಾಗರಗಳಾಚೆ ಹಂಚಿಹೋದದ್ದು ಹೇಗೆ? ನಮ್ಮ ಮೀನುಗಳ ಮಟ್ಟಿಗೆ ಉತ್ತರ ನೆಲದ ಚಲನೆಯಲ್ಲಿದೆ ಎಂದೇ ನನ್ನ ವಾದ.

ವರ್ಗೀಕರಣವೇ ಇದಕ್ಕೆ ಮೊದಲ ಸಾಕ್ಷಿ. ಬಹುತೇಕ ಸಿಕ್ಲಿಡ್‌ಗಳ ಗುದರೆಕ್ಕೆಯಲ್ಲಿ ಮುಳ್ಳುಗಳು ಮೂರು. ಕರಿಮೀನಿನಲ್ಲಿ ಹನ್ನೆರಡೋ ಹದಿಮೂರೋ. ಮಡಗಾಸ್ಕರಿನ ಪ್ಯಾರೆಟ್ರೋಪ್ಲಸ್ ಮೀನುಗಳಲ್ಲೂ ಮೂರಕ್ಕಿಂತ ಹೆಚ್ಚು. ಡಿಎನ್‌ಎ ಹೋಲಿಕೆಯೂ ಇವೆರಡನ್ನೇ ಒಂದು ಕೊಂಬೆಯಲ್ಲಿ ಕೂರಿಸುತ್ತದೆ. ಆಫ್ರಿಕದವು ಅಮೆರಿಕದವಕ್ಕೆ ಹತ್ತಿರ, ನಮ್ಮವಕ್ಕೆ ದೂರ. ಭಾರತ ಮತ್ತು ಮಡಗಾಸ್ಕರ್ ಗೊಂಡ್ವಾನಾ ಭೂಖಂಡದಿಂದ ಒಟ್ಟಿಗೇ ಬೇರೆಯಾಗಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಪರಸ್ಪರ ಅಗಲಿದವು. ಮೀನುಗಳ ವಂಶವೃಕ್ಷ ಆ ಒಡಕನ್ನೇ ಅನುಸರಿಸಿದೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಸಿಕ್ಲಿಡ್‌ಗಳ ಅತಿ ಹಳೆಯ ಪಳೆಯುಳಿಕೆಗಳ ಪೈಕಿ ಪ್ರಸಿದ್ಧವಾದವು ಟಾಂಜಾನಿಯಾದ ಮಹೆಂಗೆಯವು. ಅವುಗಳ ವಯಸ್ಸು ಸುಮಾರು 4.6 ಕೋಟಿ ವರ್ಷ ಮಾತ್ರ. ಆದರೆ ಪಳೆಯುಳಿಕೆ ಕುಟುಂಬದ ಕನಿಷ್ಠ ವಯಸ್ಸನ್ನಷ್ಟೇ ಹೇಳಬಲ್ಲದು, ಹುಟ್ಟಿದ ದಿನವನ್ನಲ್ಲ. ಮಹೆಂಗೆಯ ಒಂದೇ ಪುರಾತನ ಕೆರೆಯಲ್ಲಿ ಆಗಲೇ ಐದು ಪ್ರಭೇದಗಳಿದ್ದವು. ಅಷ್ಟು ಕವಲೊಡೆಯುವ ಮುನ್ನ ವಂಶಕ್ಕೆ ಹಿಂದಿನ ಚರಿತ್ರೆ ಇರಲೇಬೇಕು. ಇನ್ನೊಂದು ವಾದ, ಕರಿಮೀನು ಉಪ್ಪುನೀರನ್ನು ತಾಳಬಲ್ಲದು, ಕಡಲು ದಾಟಿರಬಹುದು ಎಂಬುದು. ತಾಳಬಲ್ಲದು, ನಿಜ. ಆದರೆ ದಾಟುವುದು ಅಷ್ಟು ಸುಲಭವಾಗಿದ್ದರೆ, ಕಿರಿದಾದ ಕಡೆ ಸುಮಾರು 400 ಕಿಲೋಮೀಟರ್ ಅಗಲದ ಮೊಜಾಂಬಿಕ್ ಕಾಲುವೆಯನ್ನು ದಾಟಿದ ಆಫ್ರಿಕದ ಸಿಕ್ಲಿಡ್‌ಗಳು ಮಡಗಾಸ್ಕರಿನಲ್ಲಿ ತುಂಬಿರಬೇಕಿತ್ತು. ಅಲ್ಲಿನ ಸ್ಥಳೀಯ ಸಿಕ್ಲಿಡ್‌ಗಳಲ್ಲಿ ಆ ಗುಂಪಿನದು ಒಂದೂ ಇಲ್ಲ. ಹಾಗೆಂದು ಇಡೀ ಕುಟುಂಬಕ್ಕೆ ಒಂದೇ ವಿವರಣೆ ಹೊಂದುತ್ತದೆ ಎನ್ನಲಾರೆ. ಆಫ್ರಿಕ ಮತ್ತು ಅಮೆರಿಕದ ಮೀನುಗಳು ಅಗಲಿದ್ದು ಅಟ್ಲಾಂಟಿಕ್ ತೆರೆದುಕೊಂಡ ನಂತರ ಎಂದು ಹಲವು ಡಿಎನ್‌ಎ ಲೆಕ್ಕಾಚಾರಗಳು ಸೂಚಿಸುತ್ತವೆ; ಆ ಸಾಗರ ಇನ್ನೂ ಕಿರಿದಾಗಿದ್ದಾಗ ಕೆಲವು ಮೀನು ಈಜಿ ದಾಟಿರಬಹುದು. ಅಲ್ಲಿ ಈಜು ನಡೆದಿದ್ದರೂ ಕರಿಮೀನಿನ ಪೂರ್ವಜರು ಹಾಗೇ ಬಂದರು ಎಂದಾಗುವುದಿಲ್ಲ.