ಉರಿಯ ಹದ: ಗೋವೆಯ ಗೇರು ಭಟ್ಟಿಯಲ್ಲಿ ಶಾಖದ ಲೆಕ್ಕ ಮತ್ತು ಅದರ ಕನ್ನಡ ಮಾತು

ಗಡಿಯಾಚೆಯ ಕನ್ನಡ ಅಂದ ಕೂಡಲೇ ನಾವು ಶಾಸನ, ಶಾಲೆ, ಗಡಿ ವಿವಾದ ಇವುಗಳ ಕಡೆಗೇ ಹೋಗ್ತೇವೆ. ಗೋವೆಯ ವಿಷಯದಲ್ಲಿ ಅದು ಸಹಜವೂ ಹೌದು. ಗೋವೆಯ ಕದಂಬರು ಕನ್ನಡದಲ್ಲಿ ಶಾಸನ ಹಾಕಿಸಿದವರು. ಆದರೆ ಇವತ್ತು ನಾನು ಶಾಸನದ ಹತ್ತಿರ ಹೋಗುವುದಿಲ್ಲ, ಒಂದು ಒಲೆಯ ಹತ್ತಿರ ಹೋಗುತ್ತೇನೆ. ಗೇರುಹಣ್ಣಿನ ರಸವನ್ನು ಬಟ್ಟಿ ಇಳಿಸುವಾಗ ಉರಿಯನ್ನು ಹೇಗೆ ಹಿಡಿತದಲ್ಲಿ ಇಡುತ್ತಾರೆ ಎನ್ನುವುದೇ ನನ್ನ ವಿಷಯ. ಸಾಹಿತ್ಯದ ವಿದ್ಯಾರ್ಥಿನಿಗೆ ಇದೆಲ್ಲಾ ಯಾಕೆ ಅಂತ ಕೆಲವರು ಕೇಳಬಹುದು. ನಾನು ಪದಗಳನ್ನು ಸಂಗ್ರಹಿಸುತ್ತಿದ್ದೇನೆ, ಅದಕ್ಕೆ. ‘ಹದ’ ಎಂಬ ಪದಕ್ಕೆ ‘ಸರಿಯಾದ ಸ್ಥಿತಿ’ ಅಂತ ಅರ್ಥ ಬರೆದು ಮುಂದೆ ಹೋದರೆ ಭಟ್ಟಿಯ ಮುಂದೆ ಕೂತವನ ಬಾಯಲ್ಲಿ ಆ ಪದ ಏನು ಮಾಡುತ್ತದೆ ಅನ್ನುವುದು ನಮಗೆ ದಕ್ಕುವುದಿಲ್ಲ.

ನಮ್ಮ ಮನೆ ಸತ್ತರಿ ತಾಲ್ಲೂಕಿನಲ್ಲಿ. ಖಾನಾಪುರದ ಕಡೆಯಿಂದ ಅಜ್ಜನ ಕಾಲದಲ್ಲೇ ಬಂದು ನೆಲೆಸಿದವರು. ಮನೆಯೊಳಗೆ ಕನ್ನಡ, ಅಂಗಳದಲ್ಲಿ ಕೊಂಕಣಿ, ಪೇಟೆಯಲ್ಲಿ ಮರಾಠಿಯೂ ಸೇರಿಕೊಳ್ಳುತ್ತದೆ. ನಮ್ಮ ಸಂಬಂಧಿಕರಲ್ಲಿ ಒಬ್ಬರು, ನಾನು ಕಾಕಾ ಅಂತ ಕರೆಯುವವರು, ಬಹಳ ವರ್ಷದಿಂದ ಲೈಸೆನ್ಸ್ ಇರುವ ಒಂದು ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಲೈಸೆನ್ಸ್ ಅನ್ನುವ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಗೋವೆಯಲ್ಲಿ ಫೇಣಿ ಕಾನೂನುಬದ್ಧ ಕಸುಬು, 2009ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಘಟ್ಟ ಹತ್ತಿ ಕರ್ನಾಟಕಕ್ಕೆ ಬಂದರೆ ಇದೇ ಕೆಲಸ ಕಳ್ಳಭಟ್ಟಿ. (ಇಲ್ಲಿರುವುದು ಕಳ್ಳತನದ ಕಳ್ಳ, ಕುಡಿಯುವ ಕಳ್ಳಲ್ಲ. ಕಳ್ಳು ಬರೀ ಹುಳಿ ಬಂದದ್ದು, ಅದಕ್ಕೆ ಬೆಂಕಿಯ ಸಂಬಂಧವೇ ಇಲ್ಲ.)

ಮೊದಲು ಕೆಲಸದ ಸ್ವರೂಪ ಹೇಳಿಬಿಡ್ತೇನೆ. ಗೇರು ಗೋವೆಯ ಮೂಲ ಮರ ಅಲ್ಲ, ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು. ಮಾರ್ಚಿನಿಂದ ಮೇ ತನಕ ತಾನಾಗಿ ಉದುರಿದ ಹಣ್ಣನ್ನು ಆರಿಸಿ, ಬೀಜ ಬೇರೆ ಮಾಡಿ, ಕೊಳಂಬಿ ಎಂಬ ಕಲ್ಲಿನ ತೊಟ್ಟಿಯಲ್ಲಿ ತುಳಿಯುತ್ತಾರೆ. ಈಗ ಯಂತ್ರವೂ ಬಂದಿದೆ. ಹಿಂಡಿದ ರಸ ಸುಮಾರು ಮೂರು ದಿನ ಹುಳಿಯುತ್ತದೆ. ಆಮೇಲೆ ಅದು ಭಾಣ್ ಎಂಬ ಹಂಡೆಗೆ ಹೋಗುತ್ತದೆ. ಭಾಣಿನಿಂದ ಒಂದು ಕೊಳವೆ, ಆ ತುದಿಗೆ ಲಾವ್ಣಿ. ಹಾಡಿನ ಲಾವಣಿ ಅಲ್ಲ, ಆವಿ ತಣಿದು ಇಳಿಯುವ ಮಡಕೆ. ಅದು ನೀರಿನಲ್ಲಿ ಕೂತಿರುತ್ತದೆ, ಮೇಲಿಂದಲೂ ನೀರು ಹೊಯ್ಯುತ್ತಿರುತ್ತಾರೆ. ಮೊದಲ ಸಲ ಇಳಿದದ್ದು ಉರ್ರಾಕ್, ಅದರಲ್ಲಿ ಮದ್ಯಸಾರ ನೂರಕ್ಕೆ 15ರ ಆಸುಪಾಸು. ಉರ್ರಾಕಿಗೆ ಹುಳಿದ ರಸ ಸೇರಿಸಿ ಮತ್ತೆ ಇಳಿಸಿದರೆ ಕಾಜುಲೊ. ಈಗ ಅದನ್ನೇ ಫೇಣಿ ಎಂದು ಮಾರುತ್ತಾರೆ, ನೂರಕ್ಕೆ 42ರ ಹತ್ತಿರ. ಹಿಂದೆ ಮೂರನೆಯ ಸಲದ್ದಕ್ಕೆ ಮಾತ್ರ ಆ ಹೆಸರಿತ್ತು.

ಈಗ ಶಾಖಕ್ಕೆ ಬರೋಣ. ಶಾಲೆಯಲ್ಲಿ ನಾವೆಲ್ಲ ಓದಿದ್ದು ಹೀಗೆ: ಮದ್ಯಸಾರ 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ನೀರು 100ರಲ್ಲಿ. ಹಾಗಾಗಿ 78ರಲ್ಲಿ ಹಿಡಿದಿಟ್ಟರೆ ಮದ್ಯಸಾರ ಮಾತ್ರ ಮೇಲೆದ್ದು ನೀರು ಕೆಳಗೆ ಉಳಿಯುತ್ತದೆ. ಕೇಳಲಿಕ್ಕೆ ಚಂದ, ಆದರೆ ಹಾಗೆ ಆಗುವುದಿಲ್ಲ. ಎರಡೂ ಬೆರೆತ ಮೇಲೆ ಅವು ಬೇರೆ ಬೇರೆಯಾಗಿ ಕುದಿಯುವುದಿಲ್ಲ, ಮಿಶ್ರಣ ತನ್ನದೇ ಒಂದು ಬಿಸಿಯಲ್ಲಿ ಕುದಿಯುತ್ತದೆ. ಹುಳಿದ ಗೇರುರಸದಲ್ಲಿ ಮದ್ಯಸಾರ ನೂರಕ್ಕೆ ಐದಾರು ಪಾಲು ಇದೆ ಅಂತ ಇಟ್ಟುಕೊಳ್ಳಿ. ಅದು ಕುದಿಯಲು ಶುರುವಾಗುವುದು 95ರ ಹತ್ತಿರ. 78ರಲ್ಲಿ ಹಿಡಿದು ಕೂತರೆ ಸಂಜೆ ತನಕ ಕೂತರೂ ಭಾಣ್ ಕುದಿಯುವುದೇ ಇಲ್ಲ. ಆದರೆ ಕುದಿದಾಗ ಏಳುವ ಆವಿಯಲ್ಲಿ ಮದ್ಯಸಾರ ಕೆಳಗಿನ ರಸಕ್ಕಿಂತ ಎಷ್ಟೋ ಪಾಲು ಹೆಚ್ಚು, ಮೊದಮೊದಲು ಮೂರನೇ ಒಂದು ಪಾಲಿನಷ್ಟು. ಹೊತ್ತು ಹೋದಂತೆ ಕೆಳಗೆ ಮದ್ಯಸಾರ ಕಡಿಮೆಯಾಗುತ್ತದೆ, ಕುದಿಯುವ ಬಿಸಿ 100ರ ಕಡೆಗೆ ಏರುತ್ತದೆ, ಇಳಿಯುವುದೂ ತೆಳುವಾಗುತ್ತದೆ. ಎಲ್ಲಾ ಸೇರಿ ಉರ್ರಾಕಿನ 15ಕ್ಕೆ ಬಂದು ನಿಲ್ಲುತ್ತದೆ. ಎರಡನೆಯ ಸಲ ಭಾಣಿಗೆ ಹಾಕುವುದೇ ಗಟ್ಟಿ ಇರುವುದರಿಂದ ಅದು 92–93ರ ಸುಮಾರಿಗೇ ಕುದಿಯುತ್ತದೆ.

ಇದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದು ಮಾತು. ಕುದಿಯುತ್ತಿರುವ ಭಾಣಿನ ಬಿಸಿಯನ್ನು ನಿರ್ಧರಿಸುವುದು ಉರಿ ಅಲ್ಲ, ಒಳಗಿರುವ ಮಿಶ್ರಣ. ಉರಿ ಜೋರು ಮಾಡಿದರೆ ಬಿಸಿ ಏರುವುದಿಲ್ಲ, ಆವಿ ಏಳುವ ವೇಗ ಏರುತ್ತದೆ. ಅಂದರೆ ಉಷ್ಣಮಾಪಕ ಹಾಕಿದರೆ ಅದು ‘ಒಳಗೆ ಎಷ್ಟು ಉಳಿದಿದೆ’ ಅಂತ ಹೇಳುತ್ತದೆಯೇ ಹೊರತು ‘ಉರಿ ಎಷ್ಟಿದೆ’ ಅಂತ ಅಲ್ಲ. ನಾವು ಬಿಸಿ, ಶಾಖ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಭಟ್ಟಿಯವರ ಮಾತಿನಲ್ಲಿ ಈ ಎರಡೂ ಬೇರೆ ಬೇರೆ. ಹಂಡೆಯೊಳಗಿನದಕ್ಕೆ ‘ಕಾವು’, ಒಲೆಯದಕ್ಕೆ ‘ಉರಿ’. ಕಾವು ಬರುತ್ತದೆ, ಉರಿಯನ್ನು ಮಾಡುತ್ತಾರೆ. ನಾನು ಬರೆದುಕೊಂಡ ಮಾತುಗಳಲ್ಲಿ ‘ಕಾವು ಹೆಚ್ಚು ಮಾಡು’ ಎಂಬುದು ಒಂದು ಸಲವೂ ಬಂದಿಲ್ಲ.

“ಕಾಕಾ, ಉರಿ ಜೋರ ಮಾಡಿದರ ಲಗೂ ಮುಗಿಯಂಗಿಲ್ಲೇನ್ರಿ?” ಅಂತ ಕೇಳಿದ್ದೆ.

“ಲಗೂ ಮುಗೀತೈತವ್ವಾ. ಆದ್ರ ಆಗ ಇಳ್ಯೂದು ಉರ್ರಾಕ್ ಅಲ್ಲ, ಒಳಗಿನ ರಸಾನ ನೊರಿ ಕಟಗೊಂಡು ಹೊರಗ ಬರತೈತಿ. ಉರಿ ಅನ್ನೂದು ನಾಯಿ ಇದ್ದಂಗ, ಹಗ್ಗ ಕೈಯಾಗಿರಬೇಕು.”

ಈ ಮಾತಿನಲ್ಲಿ ಭೌತಶಾಸ್ತ್ರ ಪೂರ್ತಿ ಇದೆ. ಉರಿ ಅತಿಯಾದರೆ ಮೂರು ಕಡೆ ಕೆಡುತ್ತದೆ. ರಸ ನೊರೆಗಟ್ಟಿ ಕೊಳವೆಗೆ ನುಗ್ಗುತ್ತದೆ. ತಳದಲ್ಲಿ ಕೂತ ಹಣ್ಣಿನ ಗಸಿ ಸೀದು, ಆ ಸೀಕಲು ವಾಸನೆ ಕೊನೆಯ ಹನಿಯ ತನಕ ಹೋಗುವುದಿಲ್ಲ. ಮೂರನೆಯದು ಜೀವಕ್ಕೇ ಸಂಬಂಧಪಟ್ಟದ್ದು: ಲಾವ್ಣಿ ಸೋತುಹೋಗುತ್ತದೆ. ಒಲೆ ಎಷ್ಟು ಶಾಖ ಕೊಟ್ಟು ಆವಿ ಎಬ್ಬಿಸುತ್ತದೋ ಅಷ್ಟನ್ನೂ ನೀರು ಹೀರಿಕೊಳ್ಳಬೇಕು. ಒಂದು ಲೆಕ್ಕ ಹೇಳ್ತೇನೆ. ಒಂದು ಕಿಲೋ ನೀರಾವಿ ತಣಿದು ನೀರಾಗುವಾಗ ಸುಮಾರು 2,257 ಕಿಲೋಜೂಲ್ ಶಾಖ ಬಿಡುತ್ತದೆ. ಅದನ್ನು ಹೀರಲು 18 ಲೀಟರ್ ನೀರು ಬೇಕು, ಆ ನೀರೂ 30 ಡಿಗ್ರಿ ಬಿಸಿಯಾಗಿಬಿಡುತ್ತದೆ. ಮದ್ಯಸಾರದ ಆವಿಗೆ ಇದಕ್ಕಿಂತ ಕಡಿಮೆ ಸಾಕು, ಆದರೆ ಇಳಿಯುವುದರಲ್ಲಿ ಹೆಚ್ಚಿನ ಪಾಲು ನೀರೇ ಇರುತ್ತದಲ್ಲ! ಭಟ್ಟಿ ಯಾವಾಗಲೂ ತೊರೆಯ ಹತ್ತಿರ, ಬಾವಿಯ ಹತ್ತಿರ ಇರುವುದು ಇದಕ್ಕೇ. ನೀರು ಹೊಯ್ಯುವ ಕೆಲಸ ಬಹಳ ಕಡೆ ಹೆಂಗಸರದು. ಫೇಣಿಯ ಬಗ್ಗೆ ಬರೆಯುವವರು ಒಲೆ ಮುಂದಿನ ಗಂಡಸಿನ ಫೋಟೋ ಹಾಕ್ತಾರೆ. ಶಾಖದ ಅರ್ಧ ಲೆಕ್ಕ ನೀರಿನ ಕಡೆಯವಳ ಕೈಯಲ್ಲಿದೆ ಎನ್ನುವುದು ಎಲ್ಲೂ ಬರುವುದಿಲ್ಲ.

ಲಾವ್ಣಿ ಸೋತರೆ ತಣಿಯದ ಆವಿ ಹೊರಗೆ ಬರುತ್ತದೆ. ಮದ್ಯಸಾರದ ಆವಿ ಗಾಳಿಗಿಂತ ಭಾರ. ಮೇಲೆ ಹೋಗಿ ಚದುರುವ ಬದಲು ನೆಲ ಹಿಡಿದು ಒಲೆಯ ಕಡೆಗೆ ಹರಿಯಬಲ್ಲದು. ಆಮೇಲೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಗಸಿ ಕಟ್ಟಿ ಕೊಳವೆ ಮುಚ್ಚಿಕೊಂಡರೆ ಇನ್ನೂ ಕಷ್ಟ, ಮುಚ್ಚಿದ ಹಂಡೆಯೇ ಬಾಂಬ್. ಮುಚ್ಚಿದ ಕೋಣೆಯಲ್ಲಿ ಪ್ರೆಷರ್ ಕುಕ್ಕರ್ ಇಟ್ಟು ಕದ್ದು ಇಳಿಸುವುದು ಕಾನೂನಿನ ದೃಷ್ಟಿಯಿಂದ ಮಾತ್ರ ತಪ್ಪಲ್ಲ ಅನ್ನುವುದು ಇದಕ್ಕೇ. ಭಟ್ಟಿ ನಾಲ್ಕೂ ಕಡೆ ಬಯಲಾಗಿರುವ ಗುಡಿಸಲಲ್ಲಿ ಇರುತ್ತದೆ. ಕೊಳವೆಯ ಸಂದಿಗೆ ಮಣ್ಣು ಮೆತ್ತಿ ಬಟ್ಟೆ ಸುತ್ತುತ್ತಾರೆ. ಒತ್ತಡ ಹೆಚ್ಚಾದರೆ ಮೊದಲು ಬಿಡುವುದು ಆ ಮಣ್ಣು.

ಉರಿಯನ್ನು ಹಿಡಿಯುವ ರೀತಿಯೂ ಸರಳ. ಭಾಣ್ ಕಾಯುವ ತನಕ ದಪ್ಪ ಕಟ್ಟಿಗೆ, ದೊಡ್ಡ ಉರಿ. ಕೊಳವೆ ಮುಟ್ಟಿದರೆ ಬಿಸಿ ತಾಗುತ್ತದೆ ಅನ್ನುವಾಗ ಕೊಳ್ಳಿಗಳನ್ನು ಹಿಂದಕ್ಕೆ ಎಳೆಯುತ್ತಾರೆ. ಹನಿ ಶುರುವಾದ ಮೇಲೆ ಸಣ್ಣ ಉರಿ. ಇಳಿಯುವುದು ‘ನೂಲಿನಂಗ’ ಇರಬೇಕು ಅಂತಾರೆ, ‘ಹಗ್ಗದಂಗ’ ಬಂದರೆ ಉರಿ ಹೆಚ್ಚು. ಲಾವ್ಣಿಯ ಮೇಲ್ಭಾಗವನ್ನು ಅಂಗೈಯಿಂದ ಮುಟ್ಟಿ ನೋಡುತ್ತಾರೆ. ಮಣ್ಣಿನ ಭಾಣ್ ಹೋಗಿ ತಾಮ್ರ ಬಂದಾಗ ಈ ಕೈಲೆಕ್ಕವೂ ಬದಲಾಗಿರಬೇಕು ಅಂತ ನನ್ನ ಊಹೆ. ಮಣ್ಣಿಗೆ ಶಾಖ ನಿಧಾನ ಹತ್ತುತ್ತದೆ, ನಿಧಾನ ಇಳಿಯುತ್ತದೆ, ಒಂದು ಕ್ಷಣ ಮೈಮರೆತರೂ ನಡೆಯುತ್ತದೆ. ತಾಮ್ರಕ್ಕೆ ಆ ತಾಳ್ಮೆ ಇಲ್ಲ. ಕೊಳ್ಳಿ ಎಳೆದ ಕೂಡಲೇ ಗೊತ್ತಾಗುತ್ತದೆ. ಗಂಧಕದ ಕೆಟ್ಟ ವಾಸನೆಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಇನ್ನೊಂದು ಗುಣ.

ಚರ್ಚೆಯಲ್ಲಿ ಬಂದ ಎರಡು ಪ್ರಶ್ನೆಗಳಿಗೆ ಇಲ್ಲೇ ಉತ್ತರ ಸೇರಿಸುತ್ತಿದ್ದೇನೆ.

ಹೊಸೂರಿನ ಕಡೆಯ ಗೆಳೆಯರೊಬ್ಬರು ಕೇಳಿದರು: ಮೊದಲು ಬರುವ ಹನಿಯನ್ನು ಚೆಲ್ಲಿಬಿಟ್ಟರೆ ವಿಷ ಹೋಗುತ್ತದಂತೆ, ಹೌದಾ? ಈ ನಂಬಿಕೆ ಅಪಾಯದ್ದು. ಮೆಥನಾಲ್ 64.7 ಡಿಗ್ರಿಯಲ್ಲಿ ಕುದಿಯುತ್ತದೆ, ಆದ್ದರಿಂದ ಅದು ಮೊದಲೇ ಪೂರ್ತಿ ಹೊರಟುಹೋಗುತ್ತದೆ ಎನ್ನುವುದು ಮತ್ತೆ ಅದೇ 78ರ ತರ್ಕ. ನೀರು ಹೆಚ್ಚಿರುವ ಮಿಶ್ರಣದಲ್ಲಿ ಅದು ಮೊದಲಿನಿಂದ ಕೊನೆಯ ತನಕ ಬರುತ್ತಲೇ ಇರುತ್ತದೆ. ಹಣ್ಣಿನ ರಸದಿಂದ ಸಹಜವಾಗಿ ಆಗುವ ಮೆಥನಾಲ್ ಸಾಮಾನ್ಯವಾಗಿ ಸ್ವಲ್ಪವೇ. ಜನ ಸಾಯುವುದು ಕಾರ್ಖಾನೆಯ ಮೆಥನಾಲನ್ನೇ ತಂದು ಬೆರೆಸಿದಾಗ. ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ನಿಂತಿತು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಸೀಮೆಯಲ್ಲಿ, ಅಂದರೆ ಅವರದೇ ಗಡಿಯ ಎರಡೂ ಬದಿಯಲ್ಲಿ, ನೂರಕ್ಕೂ ಹೆಚ್ಚು ಜನ ಕಳ್ಳಸಾರಾಯಿಗೆ ಬಲಿಯಾದರು. 2024ರ ಜೂನ್‌ನಲ್ಲಿ ಕಲ್ಲಕುರಿಚಿಯಲ್ಲಿ ಮತ್ತೆ ಅದೇ ಆಯಿತು. ಬೆರೆಸಿದ ಮೆಥನಾಲನ್ನು ಯಾವ ಹದದ ಉರಿಯೂ ಬೇರೆ ಮಾಡಿಕೊಡುವುದಿಲ್ಲ. ಭಟ್ಟಿಯವರು ಮೊದಲ ಹನಿಗಳನ್ನು ತೆಗೆದಿಡುವುದು ಕಟು ವಾಸನೆಗಾಗಿ.

ಇನ್ನೊಂದು ಪ್ರಶ್ನೆ ಗುರುಗಳದು: ನಿಲ್ಲಿಸುವುದು ಯಾವಾಗ, ಅದಕ್ಕೆ ಪದ ಇದೆಯೇ? ಅಳೆಯಲು ‘ಗ್ರಾವ್’ ಇದೆ, ಪೋರ್ಚುಗೀಸಿನ ಡಿಗ್ರಿ. ಆದರೆ ಅದಕ್ಕೂ ಮೊದಲು ಕಣ್ಣಿನ ಪರೀಕ್ಷೆ ಇದೆ. ಇಳಿದದ್ದನ್ನು ಎತ್ತರದಿಂದ ಹೊಯ್ದು ಗುಳ್ಳೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುತ್ತಾರೆ. ಫೇಣಿ ಎಂಬ ಹೆಸರೇ ಸಂಸ್ಕೃತದ ಫೇನ, ಅಂದರೆ ನೊರೆ, ಅದರಿಂದ ಬಂದದ್ದು ಎನ್ನುತ್ತಾರೆ. ಮದ್ಯಸಾರ ಕಡಿಮೆಯಾದಂತೆ ಗುಳ್ಳೆ ಬೇಗ ಒಡೆಯುತ್ತದೆ. ಆ ಹೊತ್ತಿಗೆ ಭಾಣ್ 98–99ಕ್ಕೆ ಬಂದಿರುತ್ತದೆ, ಇಳಿಯುವುದು ಹೆಚ್ಚುಕಡಿಮೆ ನೀರು. ಕಾಕಾ ಅದಕ್ಕೆ ಹೇಳುವುದು ‘ಸಪ್ಪ ಬಿತ್ತು’ ಅಂತ. ಮನೆಯ ಸಾರಿಗೆ ಉಪ್ಪು ಕಡಿಮೆಯಾದಾಗ ಬಳಸುವ ಅದೇ ಪದ. ಅದನ್ನು ಕೇಳಿದ ಕೂಡಲೇ ಕಾಕೂ ನೀರು ಹೊಯ್ಯುವುದನ್ನು ಮಾತ್ರ ನಿಲ್ಲಿಸುವುದಿಲ್ಲ. ಕೊಳ್ಳಿ ಹೊರಗೆಳೆದ ಮೇಲೂ ತಾಮ್ರದಲ್ಲಿ ಕಾವು ಉಳಿದಿರುತ್ತದೆ, ಹನಿ ಪೂರ್ತಿ ನಿಲ್ಲುವ ತನಕ ಹೊಯ್ಯುತ್ತಲೇ ಇರುತ್ತಾರೆ.