ಐವತ್ತೈದು ಸಾವಿರದ ಪೆಟ್ಟಿಗೆ: ಕನ್ಸೋಲಾ, ಗೇಮಿಂಗ್ ಪಿಸಿನಾ?

ಮ್ಹಾಪಸಾ ಎಂಬ ಹೆಸರು ಹೇಗೆ ಬಂತು ಎಂದು ಕೇಳಿದರೆ ಇಲ್ಲಿನ ಹಿರಿಯರು ಕೊಂಕಣಿಯ ‘ಮಾಪ್’ ಶಬ್ದವನ್ನು ತೋರಿಸುತ್ತಾರೆ. ಮಾಪ್ ಅಂದರೆ ಅಳತೆ, ‘ಸಾ’ ಅಂದರೆ ತುಂಬಿಸುವುದು. ಅಳೆದು ತುಂಬಿಸಿ ಕೊಡುವ ಸಂತೆಯ ಊರು ಇದು ಎನ್ನುತ್ತಾರೆ. ಇವತ್ತಿಗೂ ಶುಕ್ರವಾರದ ಸಂತೆಯಲ್ಲಿ ಮೊಯ್ರಾ ಬಾಳೆಹಣ್ಣು, ಒಣಮೀನು, ಮಣ್ಣಿನ ಗಡಿಗೆ ಎಲ್ಲವನ್ನೂ ತೂಗಿ, ತಟ್ಟಿ, ಚೌಕಾಸಿ ಮಾಡಿಯೇ ಜನ ಕೊಳ್ಳುತ್ತಾರೆ. ಐವತ್ತು ರೂಪಾಯಿಯ ಗಡಿಗೆಯನ್ನು ಬೆರಳಿನಿಂದ ತಟ್ಟಿ ನೋಡುವ ನಾವು, ಐವತ್ತು ಸಾವಿರದ ಯಂತ್ರವನ್ನು ಮಾತ್ರ ಜಾಹೀರಾತು ನೋಡಿ ತಗೊಂಡು ಬಿಡ್ತೀವಿ. ಇದು ಸರಿಯೇ?

ಎಂಟು, ಒಂಬತ್ತು, ಹತ್ತನೇ ತರಗತಿಯಲ್ಲಿ ಈಗ ಕೇಳಿಬರುವ ಪ್ರಶ್ನೆ ಒಂದೇ: “ಸರ್, ಪಿಎಸ್5 ಛಲೋನೋ, ಗೇಮಿಂಗ್ ಪಿಸಿ ಛಲೋನೋ?” ವಿಜಯಪುರ, ಗದಗ, ಬಾಗಲಕೋಟೆ ಕಡೆಯಿಂದ ಗೋವಾಕ್ಕೆ ಬಂದು ದುಡಿಯುವ ಮನೆಗಳಲ್ಲಿ ಇದು ಸಣ್ಣ ಪ್ರಶ್ನೆ ಅಲ್ಲ. ಅಪ್ಪ-ಅವ್ವ ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಅದು. ಒಮ್ಮೆ ಖರ್ಚಾದರೆ ಮತ್ತೆ ಅಷ್ಟು ಕೂಡುವ ಹೊತ್ತಿಗೆ ನೀವು ಕಾಲೇಜಿನಲ್ಲಿ ಇರ್ತೀರಿ. ಹಾಗಾಗಿ ಗಡಿಗೆ ತಟ್ಟುವ ಹಾಗೆ ಈ ಎರಡನ್ನೂ ತಟ್ಟಿ ನೋಡೋಣ.

ಮೊದಲು ಒಂದು ಗುಟ್ಟು. ಕನ್ಸೋಲ್‌ನ ಒಳಗೆ ಇರುವುದೂ ಒಂದು ಪಿಸಿಯೇ! ಪಿಎಸ್5 ಇರಲಿ, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಇರಲಿ, ಎರಡರ ಮುಖ್ಯ ಚಿಪ್ಪೂ ಎಎಂಡಿ ಕಂಪನಿಯ ವಿನ್ಯಾಸ. ಎರಡರಲ್ಲೂ ‘ಝೆನ್ 2’ ಜಾತಿಯ ಎಂಟು ಕೋರ್‌ಗಳಿವೆ. ಅದೇ ಜಾತಿಯ ಕೋರ್‌ಗಳು 2019ರಿಂದ ಅಂಗಡಿಯ ರೈಝನ್ ಕಂಪ್ಯೂಟರ್‌ಗಳಲ್ಲೂ ಇದ್ದವು. ಅಂದ ಹಾಗೆ, ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದು 2023ರ ನವೆಂಬರ್‌ನಲ್ಲಿ, ನಮ್ಮ ಬೆಂಗಳೂರಿನಲ್ಲಿ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಕನ್ಸೋಲ್ ಅಂದರೆ ಖಾನಾವಳಿ ಊಟ. ಎರಡು ರೊಟ್ಟಿ, ಪಲ್ಯ, ಸಾರು, ಅನ್ನ; ತಾಟಿಗೆ ಇಷ್ಟು ಅಂತ ರೇಟು. ಎಲ್ಲರಿಗೂ ಒಂದೇ ಊಟ, ಕೂತ ಕೂಡಲೇ ತಾಟು ಬರುತ್ತದೆ. ಪಿಸಿ ಅಂದರೆ ಸಂತೆಯಿಂದ ಹಿಟ್ಟು, ಬದನೆಕಾಯಿ, ಎಣ್ಣೆ ತಂದು ಮನೆಯಲ್ಲಿ ಅಡುಗೆ ಮಾಡುವುದು. ಏನು ಬೇಕೋ ಮಾಡಿಕೊಳ್ಳಬಹುದು, ಆದರೆ ಒಲೆ, ಪಾತ್ರೆ ಎಲ್ಲ ನಿಮ್ಮದೇ ಇರಬೇಕು. ಉಪ್ಪು ಹೆಚ್ಚಾದರೆ ಬೈಯೋಕೂ ಬೇರೆ ಯಾರೂ ಇಲ್ಲ.

ಈಗ ಶಕ್ತಿಯ ಅಳತೆ. ಜಾಹೀರಾತಿನಲ್ಲಿ ‘10.28 ಟೆರಾಫ್ಲಾಪ್ಸ್’ ಎಂದು ಓದಿರುತ್ತೀರಿ. ಕೇಳಿದರೆ ಏನೋ ಮಂತ್ರ ಇದ್ದ ಹಾಗೆ ಇದೆ, ಆದರೆ ಇದು ಬರೀ ಗುಣಾಕಾರ. ಪಿಎಸ್5ರ ಚಿತ್ರ ಬಿಡಿಸುವ ಭಾಗದಲ್ಲಿ, ಅಂದರೆ ಜಿಪಿಯುನಲ್ಲಿ, 36 ಗಣಕ ಘಟಕಗಳಿವೆ. ಒಂದೊಂದರಲ್ಲೂ 64 ಪುಟ್ಟ ಲೆಕ್ಕಗಾರರು. 36 × 64 = 2,304. ಪ್ರತಿ ಲೆಕ್ಕಗಾರ ಗಡಿಯಾರದ ಒಂದು ಮಿಡಿತಕ್ಕೆ ಎರಡು ಲೆಕ್ಕ ಮಾಡುತ್ತಾನೆ, ಒಂದು ಗುಣಾಕಾರ ಮತ್ತು ಒಂದು ಕೂಡುವಿಕೆ. ಅಲ್ಲಿಗೆ 4,608. ಗಡಿಯಾರದ ಗರಿಷ್ಠ ವೇಗ 2.23 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 223 ಕೋಟಿ ಮಿಡಿತ. ಗುಣಿಸಿ ನೋಡ್ರಿ, ಸೆಕೆಂಡಿಗೆ 10 ಲಕ್ಷ ಕೋಟಿಗಿಂತ ತುಸು ಹೆಚ್ಚು ಲೆಕ್ಕ ಬರುತ್ತದೆ. ಅದೇ 10.28 ಟೆರಾಫ್ಲಾಪ್ಸ್.

ಆದರೆ ಈ ಸಂಖ್ಯೆಯನ್ನು ನೋಡಿ ಮರುಳಾಗಬೇಡಿ. 2,304 ಜನ ಅಡುಗೆಯವರು ಸಿದ್ಧ ಇದ್ದಾರೆ, ಆದರೆ ಉಗ್ರಾಣದಿಂದ ಸಾಮಾನು ಬರುವುದು ತಡವಾದರೆ? ಎಲ್ಲರೂ ಕೈಕಟ್ಟಿ ನಿಲ್ಲಬೇಕು. ಕನ್ಸೋಲ್‌ನ ಜಾಣತನ ಇರುವುದು ಇಲ್ಲಿಯೇ. ಪಿಎಸ್5ರಲ್ಲಿ ಸಿಪಿಯು ಮತ್ತು ಜಿಪಿಯು ಎರಡಕ್ಕೂ ಸೇರಿ 16 ಜಿಬಿಯ ಒಂದೇ ಉಗ್ರಾಣ. ಅಲ್ಲಿಂದ ಸೆಕೆಂಡಿಗೆ 448 ಜಿಬಿ ಮಾಹಿತಿ ಹೊರಗೆ ಬರಬಲ್ಲದು. ಪಿಸಿಯಲ್ಲಿ ಸಾಮಾನ್ಯವಾಗಿ ಎರಡು ಉಗ್ರಾಣ ಇರುತ್ತವೆ: ರ್ಯಾಮ್ ಬೇರೆ, ಗ್ರಾಫಿಕ್ಸ್ ಕಾರ್ಡಿನ ಸ್ಮೃತಿ ಬೇರೆ. ಒಂದರಿಂದ ಇನ್ನೊಂದಕ್ಕೆ ಸಾಮಾನು ಹೊರಬೇಕು. ಅದಕ್ಕೇ 16 ಜಿಬಿ ರ್ಯಾಮ್ ಜೊತೆಗೆ ಕಾರ್ಡಿನಲ್ಲೂ 8 ಅಥವಾ 10 ಜಿಬಿ ಬೇಕು ಅನ್ನುತ್ತಾರೆ. ಇನ್ನೊಂದು ವಿಷಯ ಅಂದರೆ, ಆಟ ಬರೆಯುವವರಿಗೆ ಪಿಎಸ್5 ಎಂದರೆ ಒಂದೇ ಅಳತೆಯ ಅಂಗಿ. ಪಿಸಿಯಲ್ಲಿ ಸಾವಿರ ಬಗೆಯ ಮೈಕಟ್ಟಿಗೆ ಹೊಲಿಯಬೇಕು, ಎಲ್ಲೋ ಸಡಿಲ, ಎಲ್ಲೋ ಬಿಗಿ ಆಗಿಯೇ ಆಗುತ್ತದೆ.

ಪರದೆಯ ವಿಷಯ ಇನ್ನೂ ಮಜಾ ಇದೆ. ‘4ಕೆ’ ಚಿತ್ರ ಅಂದರೆ 3840 × 2160, ಸುಮಾರು 83 ಲಕ್ಷ ಚುಕ್ಕೆಗಳು. ಸೆಕೆಂಡಿಗೆ 60 ಚಿತ್ರ ಬೇಕು ಅಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ 1000 ÷ 60, ಅಂದರೆ 16.7 ಮಿಲಿಸೆಕೆಂಡು. ಅಷ್ಟರೊಳಗೆ 83 ಲಕ್ಷ ಚುಕ್ಕೆಗೂ ಬಣ್ಣ ಹಚ್ಚಬೇಕು. ಆಗದಿದ್ದರೆ ಆಟ ತಡವರಿಸುತ್ತದೆ. ಅದಕ್ಕೆ ಕನ್ಸೋಲ್‌ಗಳು ಎಷ್ಟೋ ಆಟಗಳಲ್ಲಿ ಕಡಿಮೆ ಚುಕ್ಕೆಯ ಚಿತ್ರ ಬಿಡಿಸಿ, ಆಮೇಲೆ ಹಿಗ್ಗಿಸಿ ತೋರಿಸುತ್ತವೆ. ಪಿಸಿಯೂ ಹಾಗೆಯೇ ಮಾಡುತ್ತದೆ, ಆದರೆ ಎಷ್ಟು ಹಿಗ್ಗಿಸಬೇಕು ಎಂಬುದನ್ನು ಸೆಟ್ಟಿಂಗ್‌ಗೆ ಹೋಗಿ ನೀವೇ ಆರಿಸಬಹುದು.

ಈಗ ನಿಮ್ಮ ಮನೆಯ ಟಿವಿಯನ್ನು ನೋಡ್ರಿ. ಬಹಳ ಮನೆಗಳಲ್ಲಿ ಇರುವುದು 32 ಇಂಚಿನ ‘ಎಚ್‌ಡಿ ರೆಡಿ’ ಟಿವಿ. ಅದರಲ್ಲಿ ಇರುವ ಚುಕ್ಕೆಗಳು 1366 × 768, ಹತ್ತೂವರೆ ಲಕ್ಷಕ್ಕೂ ಸ್ವಲ್ಪ ಕಡಿಮೆ. 4ಕೆ ಚಿತ್ರದ ಎಂಟನೇ ಒಂದು ಭಾಗ! ಐವತ್ತೈದು ಸಾವಿರ ಕೊಟ್ಟು ತಂದ ಯಂತ್ರ ಎಷ್ಟೇ ಚೆಂದದ ಚಿತ್ರ ಬಿಡಿಸಿದರೂ ಆ ಟಿವಿ ತೋರಿಸುವುದು ಅಷ್ಟೇ. ಕೊಡಪಾನದ ಬಾಯಿ ಸಣ್ಣದಿದ್ದರೆ ನಲ್ಲಿ ಎಷ್ಟು ದೊಡ್ಡದಿದ್ದು ಏನು ಪ್ರಯೋಜನ? ಇಂಥ ಮನೆಗೆ 4 ಟೆರಾಫ್ಲಾಪ್ಸ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅಥವಾ ಸಾಧಾರಣ ಪಿಸಿ ಸಾಕು ಅನ್ನುವುದು ನನ್ನ ಅಭಿಪ್ರಾಯ. ಟಿವಿ ಬದಲಿಸುವ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯದೆ ಯಾರೂ ಪಿಎಸ್5 ಕಡೆ ಕೈ ಚಾಚಬಾರದು.

ಬೆಲೆಗೆ ಬರೋಣ. ಪಿಎಸ್5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು. ಡಿಸ್ಕ್ ಹಾಕುವ ಮಾದರಿಗೆ ಆಗ 49,990 ರೂಪಾಯಿ, ಮರು ವರ್ಷ ಅದು 54,990 ಆಯಿತು. ಹಿಂದೆಲ್ಲ ಕನ್ಸೋಲ್ ಹಳತಾದಂತೆ ಅಗ್ಗವಾಗುತ್ತಿತ್ತು. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ 299 ಡಾಲರ್ ಇದ್ದ ಪಿಎಸ್2, 2009ರಲ್ಲಿ 99 ಡಾಲರಿಗೆ ಇಳಿದಿತ್ತು. ಈ ತಲೆಮಾರಿನಲ್ಲಿ ಅದು ಉಲ್ಟಾ ಆಗಿದೆ.

ಆದರೂ ಅಷ್ಟೇ ಶಕ್ತಿಯ ಪಿಸಿಯನ್ನು ಹೊಸ ಬಿಡಿಭಾಗಗಳಿಂದ ಕಟ್ಟಿಸಲು ಅದಕ್ಕಿಂತ ಹೆಚ್ಚೇ ಬೇಕು. ಕಾರಣ ಏನೆಂದರೆ, ಕನ್ಸೋಲ್ ಕಂಪನಿಗಳು ಯಂತ್ರವನ್ನು ಕಡಿಮೆ ಲಾಭಕ್ಕೆ, ಒಮ್ಮೊಮ್ಮೆ ನಷ್ಟಕ್ಕೂ ಮಾರುತ್ತವೆ. ಆಮೇಲೆ ಆಟಗಳ ಮಾರಾಟದ ಪಾಲಿನಿಂದ, ಚಂದಾದಿಂದ ಅದನ್ನು ವಾಪಸ್ ತೆಗೆಯುತ್ತವೆ. 2006ರಲ್ಲಿ ಬಂದ ಪಿಎಸ್3 ತಯಾರಿಸಲು ಆಗುತ್ತಿದ್ದ ಖರ್ಚು ಮೊದಮೊದಲು ಅದರ ಬೆಲೆಗಿಂತ ಹೆಚ್ಚಿತ್ತು. ಈ ಅಗ್ಗದ ಶಕ್ತಿಯನ್ನು ಕಂಡ ಅಮೆರಿಕದ ವಾಯುಪಡೆಯ ಪ್ರಯೋಗಾಲಯ 2010ರಲ್ಲಿ 1,700ಕ್ಕೂ ಹೆಚ್ಚು ಪಿಎಸ್3ಗಳನ್ನು ಜೋಡಿಸಿ ‘ಕಾಂಡೋರ್’ ಎಂಬ ಸೂಪರ್ ಕಂಪ್ಯೂಟರನ್ನೇ ಕಟ್ಟಿತು! ಅದರ ಶಕ್ತಿ ಸುಮಾರು 500 ಟೆರಾಫ್ಲಾಪ್ಸ್.

ಅದೇ 2010ರ ಏಪ್ರಿಲ್‌ನಲ್ಲಿ ಇನ್ನೊಂದು ಸಂಗತಿ ನಡೆಯಿತು. ಪಿಎಸ್3ರಲ್ಲಿ ಲಿನಕ್ಸ್ ಹಾಕಿಕೊಂಡು ಅದನ್ನು ಕಂಪ್ಯೂಟರಿನಂತೆ ಬಳಸುವ ಅವಕಾಶ ಇತ್ತಲ್ಲ, ಅದನ್ನು ಸೋನಿ ಒಂದು ಅಪ್‌ಡೇಟ್ ಮೂಲಕ ತೆಗೆದುಹಾಕಿತು. ದುಡ್ಡು ಕೊಟ್ಟು ಮನೆಗೆ ತಂದ ಯಂತ್ರದ ಒಂದು ಗುಣ, ಮನೆಯಲ್ಲಿ ಇಟ್ಟಲ್ಲೇ ಮಾಯ! ಅಪ್‌ಡೇಟ್ ಹಾಕಿಕೊಳ್ಳದೆ ಇರಬಹುದಿತ್ತು, ಆದರೆ ಆಗ ಆನ್‌ಲೈನ್ ಆಟ ಬಂದ್. ಖಾನಾವಳಿಯ ತಾಟಿನಲ್ಲಿ ಏನಿರಬೇಕು ಅಂತ ನಿರ್ಧರಿಸುವವರು ನಾವಲ್ಲ, ಮಾಲೀಕರು.

ಈಗ ಐದು ವರ್ಷದ ಲೆಕ್ಕ ಹಾಕೋಣ. ಕೆಳಗಿನ ಅಂಕಿಗಳು ನಾನು ಲೆಕ್ಕಕ್ಕೆ ಅಂತ ಇಟ್ಟುಕೊಂಡವು, ನೀವು ಅಂಗಡಿಯ ದರ ಹಾಕಿ ತಿದ್ದಿಕೊಳ್ಳಿ. ಕನ್ಸೋಲ್ 55,000. ವರ್ಷಕ್ಕೆ ಎರಡು ಹೊಸ ಡಿಸ್ಕ್, ಒಂದಕ್ಕೆ 4,000. ಆಡಿ ಮುಗಿಸಿ ಅರ್ಧ ಬೆಲೆಗೆ ಮಾರಿದರೆ ಐದು ವರ್ಷಕ್ಕೆ 20,000. ದುಡ್ಡು ಕೊಟ್ಟು ಕೊಂಡ ಆಟವನ್ನು ಗೆಳೆಯರ ಜೊತೆ ಆನ್‌ಲೈನ್‌ನಲ್ಲಿ ಆಡಲು ಕನ್ಸೋಲ್‌ಗೆ ಚಂದಾ ಕಟ್ಟಬೇಕು, ವರ್ಷಕ್ಕೆ 4,000 ಹಿಡಿದರೆ ಮತ್ತೆ 20,000. ಕರೆಂಟು: ಆಡುವಾಗ ಸುಮಾರು 200 ವ್ಯಾಟ್, ದಿನಕ್ಕೆ ಎರಡು ತಾಸು, ತಿಂಗಳಿಗೆ 12 ಯೂನಿಟ್, ಯೂನಿಟ್ಟಿಗೆ 4 ರೂಪಾಯಿಯಂತೆ ಐದು ವರ್ಷಕ್ಕೆ 2,880. ಒಟ್ಟು 97,880.

ಪಿಸಿ, ಮಾನಿಟರ್ ಸಮೇತ 75,000. ಆನ್‌ಲೈನ್ ಆಡಲು ಚಂದಾ ಇಲ್ಲ. ಆಟಗಳನ್ನು ರಿಯಾಯಿತಿ ಬರುವ ತನಕ ಕಾದು 1,500ಕ್ಕೆ ಕೊಂಡರೆ, ವರ್ಷಕ್ಕೆ ಎರಡರಂತೆ 15,000. ಇವನ್ನು ಮರಳಿ ಮಾರಲು ಬರುವುದಿಲ್ಲ. ಕರೆಂಟು 400 ವ್ಯಾಟ್ ಎಂದು ಹಿಡಿದರೆ 5,760. ಒಟ್ಟು 95,760.

ನೋಡಿದ್ರಾ? ಅಂಗಡಿಯಲ್ಲಿ ಇದ್ದ 20,000 ರೂಪಾಯಿಯ ಅಂತರ ಐದು ವರ್ಷದಲ್ಲಿ ಕರಗಿಹೋಯಿತು. ಆನ್‌ಲೈನ್ ಆಡದವರು ಕನ್ಸೋಲ್ ಲೆಕ್ಕದಿಂದ 20,000 ಕಳೆಯಿರಿ, ಆಗ ಅದೇ ಅಗ್ಗ. ಆಟ ಬಿಡುಗಡೆಯಾದ ದಿನವೇ ಬೇಕು ಅಂತ ಹಟ ಮಾಡುವವರಿಗೆ ಪಿಸಿಯ ಲೆಕ್ಕವೂ ಏರುತ್ತದೆ. ರ್ಯಾಮ್ ಬೆಲೆ 2025ರ ಕೊನೆಯಿಂದ ಜೋರಾಗಿ ಏರಿದೆ. ಎಐ ಕಂಪ್ಯೂಟರುಗಳಿಗಾಗಿ ದೊಡ್ಡ ಕಂಪನಿಗಳು ಅದನ್ನು ಬಾಚಿಕೊಳ್ಳುತ್ತಿವೆ. ಹಾಗಾಗಿ ಹೋದ ವರ್ಷದ ಕೊಟೇಶನ್ ಹಿಡಿದು ಲೆಕ್ಕ ಹಾಕಬೇಡಿ.

ಇಂಟರ್ನೆಟ್ ಮರೆಯಬಾರದು. ಈಗಿನ ದೊಡ್ಡ ಆಟಗಳು 100 ಜಿಬಿ ಮುಟ್ಟುತ್ತವೆ. ದಿನಕ್ಕೆ ಒಂದೂವರೆ ಜಿಬಿ ಸಿಗುವ ಮೊಬೈಲ್ ಪ್ಯಾಕಿನಲ್ಲಿ ಒಂದು ಆಟ ಇಳಿಸಲು 67 ದಿನ ಬೇಕು! ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದವರಿಗೆ ಡಿಸ್ಕ್ ಇರುವ ಕನ್ಸೋಲ್ ಸ್ವಲ್ಪ ಅನುಕೂಲ.

ನಮ್ಮ ಕರಾವಳಿಯ ಹವಾಮಾನವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಮ್ಹಾಪಸಾದ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಫ್ಯಾನು ಒಳಗೆ ಎಳೆದುಕೊಳ್ಳುವ ಗಾಳಿಯಲ್ಲಿ ತೇವ, ಸಮುದ್ರದ ಉಪ್ಪು, ದೂಳು ಎಲ್ಲ ಇರುತ್ತದೆ. ದೂಳು ತೇವ ಹೀರಿ ಲೋಹಕ್ಕೆ ಅಂಟಿಕೊಂಡರೆ ತುಕ್ಕಿಗೆ ದಾರಿ. ಬಿಸಿ ಹೊರಗೆ ಹೋಗದಿದ್ದರೆ ಚಿಪ್ಪು ತನ್ನ ಗಡಿಯಾರದ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗ 10 ಟೆರಾಫ್ಲಾಪ್ಸ್ ಎಲ್ಲಿಂದ ಬರಬೇಕು? ಟಿವಿ ಕೆಳಗಿನ ಇಕ್ಕಟ್ಟಾದ ಗೂಡಿನಲ್ಲಿ ಕನ್ಸೋಲ್ ತುರುಕುವುದು ಅದಕ್ಕೇ ತಪ್ಪು. ಪಿಸಿಯ ಬಾಗಿಲು ಬಿಚ್ಚಿ ಒಣ ಬ್ರಷ್‌ನಿಂದ ದೂಳು ತೆಗೆಯಬಹುದು. ರ್ಯಾಮ್ ಕೆಟ್ಟರೆ ರ್ಯಾಮ್, ಪವರ್ ಸಪ್ಲೈ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಕನ್ಸೋಲ್‌ನ ಮುಖ್ಯ ಬೋರ್ಡ್ ಕೆಟ್ಟರೆ ಪೆಟ್ಟಿಗೆಯನ್ನೇ ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋಗಬೇಕು.

ಕರೆಂಟು ಹೋದಾಗ? 600 ವಿಎ ಎಂದು ಬರೆದಿರುವ ಸಾದಾ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್ ಮಾತ್ರ. 400 ವ್ಯಾಟ್ ಎಳೆಯುವ ಗೇಮಿಂಗ್ ಪಿಸಿಯನ್ನು ಅದಕ್ಕೆ ಹಚ್ಚಿದರೆ ಗುಡುಗಿನ ರಾತ್ರಿ ಅದು ಕೈಕೊಡುತ್ತದೆ. ದೊಡ್ಡ ಯುಪಿಎಸ್ಸಿಗೆ ಬೇರೆ ದುಡ್ಡು ಬೇಕು, ಮೇಲಿನ ಲೆಕ್ಕದಲ್ಲಿ ಅದನ್ನು ನಾನು ಹಿಡಿದಿಲ್ಲ.

ಗೇಮಿಂಗ್ ಲ್ಯಾಪ್‌ಟಾಪ್ ಕೇಳುವವರಿಗೆ ಒಂದೇ ಮಾತು. ಹೆಸರು ನೋಡಿ ಕೊಳ್ಳಬೇಡಿ, ವ್ಯಾಟ್ ಕೇಳಿ. ‘ಆರ್‌ಟಿಎಕ್ಸ್ 4060’ ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪು ಒಂದು ಮಾದರಿಯಲ್ಲಿ 35 ವ್ಯಾಟ್‌ಗೆ, ಇನ್ನೊಂದರಲ್ಲಿ 115 ವ್ಯಾಟ್‌ಗೆ ಓಡಬಹುದು. ಶಕ್ತಿಯೂ ಅದಕ್ಕೆ ತಕ್ಕಂತೆ.

ನನ್ನನ್ನು ಕೇಳಿದರೆ, ಮನೆಯಲ್ಲಿ ಬೇರೆ ಕಂಪ್ಯೂಟರ್ ಇಲ್ಲದಿದ್ದರೆ ಪಿಸಿಯೇ ಇರಲಿ, ಶಕ್ತಿ ಕಡಿಮೆಯಾದರೂ ಅಡ್ಡಿಯಿಲ್ಲ. ಕಂಪ್ಯೂಟರ್ ಆಗಲೇ ಇದ್ದು, ಅಣ್ಣ-ತಮ್ಮ, ಅಕ್ಕ-ತಂಗಿ ಎಲ್ಲ ಟಿವಿ ಮುಂದೆ ಕೂತು ಆಡುವವರಾದರೆ ಕನ್ಸೋಲ್ ಖುಷಿ ಕೊಡುತ್ತದೆ. ಪಿಸಿಗೆ ನಾನು ವಾಲಲು ಕಾರಣ ಇದೆ. ಕನ್ಸೋಲ್‌ನಲ್ಲಿ ಆಡುವ ಆಟಗಳು ಕೂಡ ಪಿಸಿಯ ಮೇಲೇ ಹುಟ್ಟುವುದು. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಕಂಪನಿಯ ಕಲಾವಿದರು ಎಕ್ಸ್‌ಬಾಕ್ಸ್‌ನ ಫೋರ್ಝಾ ರೇಸ್ ಆಟಗಳಿಗೆ ಚಿತ್ರದ ಕೆಲಸ ಮಾಡಿದರು. 2019ರಲ್ಲಿ ಅದನ್ನು ಜಿಟಿಎ ಖ್ಯಾತಿಯ ರಾಕ್‌ಸ್ಟಾರ್ ಕೊಂಡುಕೊಂಡಿತು. ಪುಣೆಯ ತಂಡವೊಂದು ಮಾಡಿದ ‘ರಾಜಿ’ ಆಟ 2020ರಲ್ಲಿ ಕನ್ಸೋಲ್‌ಗಳಿಗೂ ಪಿಸಿಗೂ ಬಂತು. ಚಿತ್ರ ಕಟ್ಟಲು ಬ್ಲೆಂಡರ್, ಆಟ ಕಟ್ಟಲು ಗೊಡೊ ಎಂಬ ತಂತ್ರಾಂಶಗಳು ಪೂರ್ತಿ ಉಚಿತ. ಗೊಡೊದ ನಾಲ್ಕನೇ ಆವೃತ್ತಿಯಿಂದ ಭಾರತೀಯ ಲಿಪಿಗಳ ಅಕ್ಷರ ಜೋಡಣೆಗೂ ಬೆಂಬಲ ಬಂದಿದೆ, ನಮ್ಮ ಒತ್ತಕ್ಷರಗಳೂ ಸೇರಿ.

ಈಗ ನಿಮ್ಮ ಸರದಿ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ 52 ಘಟಕಗಳು, ವೇಗ 1.825 ಗಿಗಾಹರ್ಟ್ಸ್, ಉಳಿದದ್ದು ಪಿಎಸ್5ರ ಹಾಗೆಯೇ. ಅದರ ಟೆರಾಫ್ಲಾಪ್ಸ್ ಎಷ್ಟು? 12ಕ್ಕಿಂತ ಸ್ವಲ್ಪ ಹೆಚ್ಚು ಬರಬೇಕು. ಹಾಗೆಯೇ ಮನೆಯ ಟಿವಿಯ ಹಿಂದಿನ ಚೀಟಿ ಓದಿ, ಅದರಲ್ಲಿ ಎಷ್ಟು ಚುಕ್ಕೆಗಳಿವೆ ಎಂದು ಬರೆದುಕೊಂಡು ಬನ್ನಿ, ತರಗತಿಯಲ್ಲಿ ಎಲ್ಲರ ಅಂಕಿಗಳನ್ನೂ ಒಂದು ಕೋಷ್ಟಕದಲ್ಲಿ ಹಾಕೋಣ.